ಪರದೇಶದ ಬಾತ್ಮೀದಾರನೂ ನಮ್ಮ ಸೀಮೆಯೂ

"ದೇಶ ಸುತ್ತಬೇಕು, ಕೋಶ ಓದಬೇಕು" ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ದೇಶ ಸುತ್ತುವ ಯೋಗ ಎಲ್ಲರಿಗೂ ಇರುವುದಿಲ್ಲ. ಅಂಥವರ ಪರವಾಗಿ ತಾನು ಹೋಗಿ, ಪರನಾಡಿನ ಜನರ ನಡುವೆ ಇದ್ದು, ಕಂಡುದನ್ನೂ ಕೇಳಿದುದನ್ನೂ ತನ್ನ ನಾಡಿನ ವೃತ್ತಪತ್ರಿಕೆಗೆ ಬರೆದು ಕಳಿಸುವವನೇ ಪರದೇಶದ ಬಾತ್ಮೀದಾರನು. ಅವನ ಕೆಲಸವೆಂಥದು, ಅದರಲ್ಲಿರುವ ತೊಡಕೇನು ಎಂಬುದನ್ನು ನಮ್ಮ ಸೀಮೆಯದೇ ಒಂದು ನಿದರ್ಶನದಿಂದ ತಿಳಿಯುವುದು ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದಕ್ಕೆ ಒಂದು ಕಾರಣವುಂಟು. ನಾನು ಲಿಂಗಸುಗೂರು ತಾಲೂಕಿನ ಗುರುಗುಂಟಾದವನು. ಪ್ರೌಢಶಾಲೆಯಲ್ಲಿದ್ದಾಗ, ಮಳೆ ಕೈಕೊಟ್ಟ ಒಂದು ವರ್ಷ, ಪತ್ರಿಕೆಗೆ ಬರೆಯುವವರೊಬ್ಬರು ದೂರದ ಪಟ್ಟಣದಿಂದ ನಮ್ಮ ಓಣಿಗೆ ಬಂದಿದ್ದರು. ಕಟ್ಟೆಯ ಬಳಿ ನಿಂತು ಅರ್ಧ ಗಂಟೆ ನಮ್ಮ ಅವ್ವನನ್ನು ಮಾತನಾಡಿಸಿದರು. "ತೊಗರಿ ಹೋತ್ರೀ. ಜ್ವಾಳದ ಮ್ಯಾಲ ಇನ್ನಾ ಆಸೆ ಐತಿ, ನೋಡಬೇಕು" ಎಂದಳು ಅವ್ವ. ಕೆಲವು ದಿನಗಳ ಮೇಲೆ ಅದು ಅಚ್ಚಾಗಿ ಬಂತು. ಎಲ್ಲ ಆಸೆಯನ್ನೂ ಬಿಟ್ಟು ಊರು ತೊರೆಯಲು ಗಂಟು ಕಟ್ಟಿದ ಹೆಂಗಸೆಂದು ಅದರಲ್ಲಿ ಬರೆದಿತ್ತು. ನಾನು ಓದಿ ಹೇಳಿದಾಗ ಅವ್ವನು, "ನಾ ಹಂಗ ಎಲ್ಲಿ ಅಂದೆನೋ? ಊರು ಬಿಡತೀನಿ ಅಂದೆನೇನು?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಓದು ಬಲ್ಲವನು ನಾನೇ ಮೊದಲಿಗ. ನಾನು ಓದದೆ ಇದ್ದಿದ್ದರೆ ತನ್ನ ಮಾತು ಏನಾಯಿತೆಂಬುದು ಅವಳಿಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಈಗ ಒಂದು ನೂರ ಎಂಬತ್ತು ವರ್ಷಗಳಷ್ಟು ಹಿಂದಕ್ಕೆ ಹೋಗೋಣ. ನಮ್ಮೂರಿನಿಂದ ಹೊರಟು ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿದರೆ ಮುಂದೆ ಸುರಪುರ ಸಿಗುತ್ತದೆ. ಆಗ ಗುರುಗುಂಟಾದಂತೆ ಸುರಪುರವೂ ನಿಜಾಮನಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನವಾಗಿತ್ತು. 1841ರಲ್ಲಿ ಅಲ್ಲಿಗೆ ಬಂದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ಈತನು ಹದಿನೈದನೆಯ ವಯಸ್ಸಿನಲ್ಲೇ ಒಬ್ಬ ವ್ಯಾಪಾರಿಯ ಕೈಕೆಳಗೆ ದುಡಿಯಲೆಂದು ಮುಂಬಯಿಗೆ ಬಂದು, 1824ರಲ್ಲಿ ನಿಜಾಮನ ಸೈನ್ಯವನ್ನು ಸೇರಿದನು. ಕಾಲೇಜಿನ ಮೆಟ್ಟಿಲನ್ನು ತುಳಿದವನಲ್ಲ. ಈ ನಾಡಿನ ಭಾಷೆ, ಕಾನೂನು, ಭೂಮಾಪನ, ಪ್ರಾಚೀನ ವಸ್ತುಗಳ ವಿಚಾರ ಎಲ್ಲವನ್ನೂ ತಾನಾಗಿ ಕಲಿತನು. ರಜೆಯ ಮೇಲೆ ತಾಯ್ನಾಡಿಗೆ ಹೋದಾಗ, 1839ರಲ್ಲಿ, ಠಕ್ಕರನ್ನು ಕುರಿತ ಆತನ ಕಾದಂಬರಿ ಪ್ರಕಟವಾಗಿ ಹೆಸರಾಯಿತು. ಅನಂತರ 1840ರಿಂದ 1853ರ ವರೆಗೆ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಹಿಂದೂಸ್ಥಾನದ ಬಾತ್ಮೀದಾರನಾಗಿದ್ದನು. ಅಂದರೆ ಆ ಹದಿಮೂರು ವರ್ಷಗಳಲ್ಲಿ ಸುಮಾರು ಹನ್ನೆರಡು ವರ್ಷ ಆತನು ಇದ್ದದ್ದು ನಮ್ಮ ನೆರೆಯ ಸುರಪುರದ ಗುಡ್ಡದ ಮೇಲೆ! ಆತನ ಬಂಗಲೆಯನ್ನು ಅಲ್ಲಿಯ ಜನರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.

ಆ ಕಾಲದಲ್ಲಿ ಸುದ್ದಿ ಕಳಿಸುವುದೆಂದರೆ ಸುಲಭದ ಮಾತಾಗಿರಲಿಲ್ಲ. ಕಾಗದವು ಟಪಾಲಿನ ಓಟಗಾರರ ಹೆಗಲೇರಿ ಮುಂಬಯಿಗೆ ಹೋಗಬೇಕು. ಅಲ್ಲಿಂದ ಉಗಿಹಡಗಿನಲ್ಲಿ ಕೆಂಪು ಸಮುದ್ರದ ಮೂಲಕ ಸುಯೆಜ್ ತಲುಪಬೇಕು. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಮುಂಚೆ ಟಪಾಲಿನ ಪೆಟ್ಟಿಗೆಗಳು ಒಂಟೆಯ ಮೇಲೆ ಈಜಿಪ್ಟಿನ ಮರುಭೂಮಿಯನ್ನು ದಾಟಿ ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಮತ್ತೆ ಹಡಗೇರಿ ಯುರೋಪನ್ನು ಮುಟ್ಟುತ್ತಿದ್ದವು. ಲಂಡನ್ ಸೇರುವಷ್ಟರಲ್ಲಿ ತಿಂಗಳ ಮೇಲಾಗುತ್ತಿತ್ತು. ಇಂಗ್ಲೆಂಡಿಗೂ ಹಿಂದೂಸ್ಥಾನಕ್ಕೂ ತಂತಿಯ ಸಂಪರ್ಕ ಬಂದುದು 1865ರಲ್ಲಿ. ಆದುದರಿಂದ ಬರೆದುದರಲ್ಲಿ ತಪ್ಪಿದೆಯೆಂದು ಯಾರಾದರೂ ಕೇಳಬೇಕಾದರೂ, ಅದಕ್ಕೆ ಉತ್ತರ ಬರಬೇಕಾದರೂ ತಿಂಗಳುಗಟ್ಟಲೆ ಕಾಯಬೇಕಾಗಿತ್ತು.

ಇಷ್ಟಾದರೂ ಟೇಲರನಿಗೆ ಇದ್ದ ಒಂದು ಅನುಕೂಲ ಇಂದಿನ ಅನೇಕ ಬಾತ್ಮೀದಾರರಿಗೆ ಇಲ್ಲ. ಆತನು ಬಂದು ಹೋಗುವ ಅತಿಥಿಯಾಗಿರಲಿಲ್ಲ. ಜನರ ನಡುವೆ ಬಾಳಿದವನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಬೇಡರ ನಡೆನುಡಿಗಳನ್ನು ಹತ್ತಿರದಿಂದ ಕಂಡನು. ರಾಜನಕೋಳೂರಿನ ಮತ್ತು ಜೇವರ್ಗಿಯ ಪ್ರಾಚೀನ ಶಿಲಾಸಮಾಧಿಗಳನ್ನು ಪರಿಶೀಲಿಸಿ ಅವುಗಳ ವಿಷಯವಾಗಿ ವಿದ್ವತ್ಪೂರ್ಣ ಲೇಖನಗಳನ್ನು ಬರೆದನು. ಬಾಲಕ ರಾಜನು ಆತನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. ಯಾವ ಬಾತ್ಮೀದಾರನಿಗೆ ಇಂಥ ಸಲಿಗೆ ಸಿಕ್ಕೀತು?

ಆದರೆ ತೊಡಕು ಇರುವುದೂ ಇಲ್ಲಿಯೇ. ಆಳುವವನೂ ಬರೆಯುವವನೂ ಒಬ್ಬನೇ ಆದರೆ, ಆಳಿಕೆಯ ತಪ್ಪನ್ನು ಬರೆಯುವವರು ಯಾರು? ಅಲ್ಲದೆ 'ದಿ ಟೈಮ್ಸ್' ಪತ್ರಿಕೆಯಲ್ಲಿ ಬಾತ್ಮೀದಾರರ ಹೆಸರನ್ನು ಅಚ್ಚು ಹಾಕುವ ರೂಢಿ ಬಂದುದು 1967ರಲ್ಲಿ. ಟೇಲರನ ಕಾಲದಲ್ಲಿ ಲಂಡನ್ನಿನ ಓದುಗನಿಗೆ, ತಾನು ಓದುತ್ತಿರುವುದು ಒಂದು ಸಂಸ್ಥಾನವನ್ನೇ ನಡೆಸುತ್ತಿರುವ ಅಧಿಕಾರಿಯ ಬರಹವೆಂದು ಆ ಪುಟದಿಂದ ತಿಳಿಯುವಂತಿರಲಿಲ್ಲ. ಟೇಲರನು ಸುಳ್ಳು ಬರೆದನೆಂದು ನಾನು ಹೇಳುತ್ತಿಲ್ಲ. ಬರೆದವನು ಎಲ್ಲಿ ನಿಂತು ನೋಡಿದನೆಂಬುದನ್ನು ಅರಿಯದೆ ಬರಹದ ಬೆಲೆಯನ್ನು ಕಟ್ಟಲಾಗದೆಂದಷ್ಟೇ ನನ್ನ ಅಭಿಪ್ರಾಯ.

ಇದಕ್ಕೆ ಎದುರಾದ ಇನ್ನೊಂದು ನಿದರ್ಶನವನ್ನು ದೂರದ ಕ್ಯೂಬಾ ದ್ವೀಪದಿಂದ ಕೊಡಬಹುದು. ಬಂಡಾಯದ ಮುಂದಾಳು ಫಿಡೆಲ್ ಕ್ಯಾಸ್ಟ್ರೋ ಸತ್ತನೆಂಬ ಸುದ್ದಿ ಹಬ್ಬಿದ್ದ ಕಾಲದಲ್ಲಿ, 1957ರ ಫೆಬ್ರವರಿಯಲ್ಲಿ, 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹರ್ಬರ್ಟ್ ಮ್ಯಾಥ್ಯೂಸ್ ಕಾವಲನ್ನು ತಪ್ಪಿಸಿಕೊಂಡು ಸಿಯೆರಾ ಮೇಸ್ತ್ರಾ ಬೆಟ್ಟಗಳಿಗೆ ಹೋಗಿ ಆತನನ್ನು ಕಂಡು ಬಂದನು. ಕ್ಯಾಸ್ಟ್ರೋ ಬದುಕಿರುವುದು ಲೋಕಕ್ಕೆ ತಿಳಿದುದು ಆ ಬರಹದಿಂದ. ಆಳುವವರ ಮಾತನ್ನು ಒರೆಗೆ ಹಚ್ಚಿದ ಧೀರ ಕಾರ್ಯವದು. ಆದರೆ ಮ್ಯಾಥ್ಯೂಸ್ ಬೆಟ್ಟದಲ್ಲಿ ಇದ್ದದ್ದು ಕೆಲವೇ ಗಂಟೆಗಳ ಕಾಲ. ಅಲ್ಲಿದ್ದ ಬೆರಳೆಣಿಕೆಯ ಬಂಡಾಯಗಾರರನ್ನು ಆತನು ಇದ್ದುದಕ್ಕಿಂತ ಬಹಳ ಹೆಚ್ಚೆಂದು ತಿಳಿದನು. ಹೀಗೆ, ಬಹುಕಾಲ ಇದ್ದವನು ಒಂದು ಪಕ್ಷಕ್ಕೆ ಸೇರಿದವನಾಗುತ್ತಾನೆ. ಸ್ವಲ್ಪಕಾಲ ಇದ್ದವನು ತೋರಿಸಿದ್ದನ್ನೇ ನಂಬುತ್ತಾನೆ.

ಸುರಪುರದ ಕಥೆ ದುಃಖದಲ್ಲಿ ಮುಗಿಯಿತು. 1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಆಡಳಿತವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಕಾದಿದನು. ಆತನ ಮೇಲೆ ಬಂದ ಸೈನ್ಯದಲ್ಲಿ ನಮ್ಮ ಲಿಂಗಸುಗೂರಿನ ದಂಡಿನವರೂ ಇದ್ದರು. ರಾಜನು ಹೈದರಾಬಾದಿನಲ್ಲಿ ಸೆರೆಯಾದನು. ಮೊದಲು ಮರಣದಂಡನೆಯ ತೀರ್ಪಾಗಿ, ಕಡೆಗೆ ಅದು ನಾಲ್ಕು ವರ್ಷಗಳ ಸೆರೆವಾಸಕ್ಕಿಳಿಯಿತು. ಆದರೆ ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲೇ ರಾಜನು ಗುಂಡಿಗೆ ಬಲಿಯಾದನು. ಸೆರೆಮನೆಯಲ್ಲಿ ಆತನನ್ನು ಕಂಡು ಮಾತನಾಡಿದ ಬಗೆಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಕರುಳು ಕಲಕುವಂತೆ ಬರೆದಿದ್ದಾನೆ. ಟೇಲರನು 1876ರಲ್ಲಿ ತೀರಿಕೊಂಡನು. ಆ ಪುಸ್ತಕ 1877ರಲ್ಲಿ ಪ್ರಕಟವಾಯಿತು. ಆ ಪುಟಗಳಲ್ಲಿ ರಾಜನ ಮಾತೆಂದು ನಾವು ಓದುವುದು ಟೇಲರನ ಲೇಖಣಿಯಿಂದ ಇಳಿದ ಮಾತು. ಅದನ್ನು ಓದಿ "ಹೌದು, ನಾನು ಹೀಗೆಯೇ ಅಂದೆ" ಎನ್ನಲಿಕ್ಕಾಗಲಿ, "ನಾನು ಹಾಗೆ ಎಲ್ಲಿ ಅಂದೆ?" ಎಂದು ಕೇಳಲಿಕ್ಕಾಗಲಿ ರಾಜನು ಉಳಿದಿರಲಿಲ್ಲ.

ಬಾತ್ಮೀದಾರನ ಬರಹಕ್ಕೆ ಒರೆಗಲ್ಲು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುವೆನು: ಯಾರನ್ನು ಕುರಿತು ಬರೆದಿದೆಯೋ ಅವರ ಮುಂದೆ ಅದನ್ನು ಓದಿದಾಗ, ಅವರು ತಮ್ಮ ಮಾತಿನ ಗುರುತನ್ನು ಹಿಡಿಯುವಂತಿರಬೇಕು. ಇದಕ್ಕೆ ಬರೆಯುವವನ ಪ್ರಾಮಾಣಿಕತೆಯೊಂದೇ ಸಾಲದು. ಓದಬಲ್ಲ ಒಬ್ಬನಾದರೂ ಆ ಓಣಿಯಲ್ಲಿರಬೇಕು.

ರಜೆಗೆ ಊರಿಗೆ ಹೋದಾಗ ಓಣಿಯವರು ಪಿಂಚಣಿಗೆ, ಪಡಿತರಕ್ಕೆ, ಬೆಳೆ ಪರಿಹಾರಕ್ಕೆ ಅರ್ಜಿ ಬರೆಸಲು ನನ್ನ ಬಳಿಗೆ ಬರುತ್ತಾರೆ. ಅವರು ಹೇಳಿದ ನಾಲ್ಕು ಮಾತನ್ನು ನಾನು ಕಚೇರಿಯ ಭಾಷೆಗೆ ತಿರುಗಿಸುತ್ತೇನೆ. ಹಿಂದೆ, ಬರೆದು ಹೆಬ್ಬೆಟ್ಟು ಒತ್ತಿಸಿ ಕಳಿಸಿಬಿಡುತ್ತಿದ್ದೆನು. ಈ ಲೇಖನಕ್ಕಾಗಿ ಓದತೊಡಗಿದ ಮೇಲೆ, ಬರೆದುದನ್ನು ಮೊದಲು ಅವರಿಗೆ ಓದಿ ಹೇಳುತ್ತೇನೆ. ಕಳೆದ ರಜೆಯಲ್ಲಿ ಮುದುಕಿಯೊಬ್ಬಳು ಕೇಳಿ, "ಅಷ್ಟು ದೈನಾಸ ಬ್ಯಾಡ ತಮ್ಮಾ, ನನ್ನ ಹಕ್ಕಿನ ರೊಕ್ಕ ಕೇಳಾಕತ್ತೀನಿ" ಎಂದಳು. ನಾನು ಆ ಸಾಲನ್ನು ಹೊಡೆದು ಹಾಕಿ ಮತ್ತೆ ಬರೆದೆನು.