ಸರಸ್ವತೀಭಂಡಾರಿಗನೂ ಉಪಾಧ್ಯಾಯನೂ: ಆನ್‌ಲೈನ್ ಪಾಠಮಾಲೆಯಲ್ಲಿ ಯಂತ್ರಕ್ಕೂ ಗುರುವಿಗೂ ಸಲ್ಲುವ ಪಾಲು

೧

ಹರಪನಹಳ್ಳಿಗೆ ಸಮೀಪದಲ್ಲಿರುವ ಬಾಗಳಿಯು ಕಲ್ಲೇಶ್ವರ ದೇವಾಲಯದಿಂದಲೂ ಅಲ್ಲಿಯ ಶಾಸನಗಳಿಂದಲೂ ವಿದ್ವಾಂಸರಿಗೆ ಪರಿಚಿತವಾದ ಊರು. ಶಾಸನಗಳಲ್ಲಿ ಇದಕ್ಕೆ ಬಳ್ಗುಳಿಯೆಂದು ಹೆಸರು. ಕೋಗಳಿನಾಡಿಗೆ ಸೇರಿದ ಈ ಸ್ಥಳದಲ್ಲಿ ಮಹಾಜನರು ಧರ್ಮಕಾರ್ಯಗಳನ್ನು ನಡೆಯಿಸುತ್ತಿದ್ದರು. ಚಾಳುಕ್ಯ ಆಹವಮಲ್ಲ ತೈಲಪನ ಆಳಿಕೆಯಲ್ಲಿ, ಕ್ರಿ. ಶ. ೯೮೭ರಲ್ಲಿ, ದುಗ್ಗಿಮಯ್ಯನೆಂಬವನು ಇಲ್ಲಿಯ ದೇವಾಲಯವನ್ನು ಮಾಡಿಸಿದನೆಂದು ತಿಳಿದುಬರುತ್ತದೆ. ೧೮೯೬ರಲ್ಲಿ ಪ್ರಕಟವಾದ ತನ್ನ ಚಾಳುಕ್ಯ ವಾಸ್ತುಗ್ರಂಥದಲ್ಲಿ ಅಲೆಕ್ಸಾಂಡರ್ ರೀ ಈ ಗುಡಿಯನ್ನು ವರ್ಣಿಸಿದನು. ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದುದರಿಂದ, ಇಲ್ಲಿಯ ಶಾಸನಗಳು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದ ದಕ್ಷಿಣ ಭಾರತ ಶಾಸನಮಾಲೆಯ ಒಂಬತ್ತನೆಯ ಸಂಪುಟದ ಮೊದಲನೆಯ ಭಾಗದಲ್ಲಿ ೧೯೩೯ರಲ್ಲಿ ಅಚ್ಚಾದುವು. ಜಿಲ್ಲೆಯ ಎಲ್ಲೆಗಳು ಅನಂತರ ಬದಲಾದುವು. ೨೦೨೧ರಿಂದ ಈ ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲಿದೆ.

ಹೀಗೆ ಎಂಬತ್ತು ವರ್ಷಗಳಿಗೂ ಹಿಂದೆಯೇ ಬಾಗಳಿಯ ಶಾಸನಗಳು ಕಲ್ಲಿನಿಂದ ಕಾಗದಕ್ಕೆ ಬಂದುವು. ಆದರೆ ಅಚ್ಚಾದ ಪಾಠವು ತಾನಾಗಿ ಓದುಗರನ್ನು ಸಿದ್ಧಪಡಿಸಲಾರದು. ಕೊಟ್ಟೂರು, ಕೂಡ್ಲಿಗಿ, ಹಡಗಲಿಗಳ ಕಡೆಯ ವಿದ್ಯಾರ್ಥಿಯು ತನ್ನ ಊರಿನ ಹತ್ತಿರದ ಈ ಬರಹವನ್ನು ಓದಬೇಕೆಂದರೆ ಹಳಗನ್ನಡವನ್ನೂ ಲಿಪಿಯನ್ನೂ ಬಲ್ಲ ಉಪಾಧ್ಯಾಯರೊಬ್ಬರ ಬಳಿ ಕುಳಿತು ಕಲಿಯಬೇಕು. ಅಂಥವರು ಎಲ್ಲ ಊರುಗಳಲ್ಲಿಯೂ ದೊರೆಯರು. ಆನ್‌ಲೈನ್ ಪಾಠಮಾಲೆಯು ಈ ಕೊರತೆಯನ್ನು ನೀಗಬಲ್ಲುದೆಂಬ ಆಸೆಯು ಸಹಜವಾದುದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಮೇಲೆ ಇಂಥ ಪಾಠಮಾಲೆಯನ್ನು ಕೆಲವೇ ದಿನಗಳಲ್ಲಿ ಕಟ್ಟಬಹುದಾಗಿದೆ. ಆ ಕೆಲಸದಲ್ಲಿ ಯಂತ್ರಕ್ಕೆ ಯಾವ ಪಾಲು, ಗುರುವಿಗೆ ಯಾವ ಪಾಲು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

೨

ದೂರಪಾಠಕ್ಕೆ ಯಂತ್ರದ ನೆರವು ಈಗಾಗಲೇ ಒದಗಿದೆ. ೨೦೦೩ರಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳು ಇಂಗ್ಲಿಷಿನವು, ಅವುಗಳಲ್ಲಿ ಅನೇಕವನ್ನು ಯಂತ್ರಾನುವಾದದ ಸಹಾಯದಿಂದ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ತರಲಾಗಿದೆ. ೨೦೨೨ರಲ್ಲಿ ಕೇಂದ್ರ ಸರ್ಕಾರವು ಭಾಷಿಣಿ ಯೋಜನೆಯನ್ನು ಉದ್ಘಾಟಿಸಿತು. ೨೦೨೩ರಲ್ಲಿ ಮದರಾಸಿನ ಐ.ಐ.ಟಿ.ಯ ಎ.ಐ.೪ಭಾರತ್ ತಂಡದವರು ಸಂವಿಧಾನದ ಎಂಟನೆಯ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಿಗೂ ಸಲ್ಲುವ ಅನುವಾದಯಂತ್ರವನ್ನು ಬಿಡುಗಡೆಮಾಡಿದರು. ಮಾತನ್ನು ಬರಹಕ್ಕಿಳಿಸುವುದು, ಬರಹವನ್ನು ಸಂಗ್ರಹಿಸುವುದು, ಪ್ರಶ್ನೆಗಳನ್ನು ಹೊಸೆಯುವುದು, ಉತ್ತರಗಳಿಗೆ ಅಂಕವಿಡುವುದು, ಗುರುವಿನ ದನಿಯನ್ನೇ ಅನುಕರಿಸಿ ಪಾಠ ಹೇಳುವುದು, ಇವೆಲ್ಲವೂ ಈಗ ಯಂತ್ರಕ್ಕೆ ಸಾಧ್ಯವಾಗಿವೆ.

೨೦೧೭ರಲ್ಲಿ ಆರಂಭವಾದ ಸ್ವಯಂ ವೇದಿಕೆಯ ಪಾಠಮಾಲೆಗೆ ನಾಲ್ಕು ಅಂಗಗಳನ್ನು ವಿಧಿಸಿದೆ: ದೃಶ್ಯಪಾಠ, ಓದತಕ್ಕ ಪಠ್ಯ, ಸ್ವಪರೀಕ್ಷೆ, ಚರ್ಚೆ. ಮೊದಲ ಮೂರನ್ನು ಒಮ್ಮೆ ರಚಿಸಿಟ್ಟರೆ ಅವು ಸಾವಿರಾರು ಜನರಿಗೆ ಸಲ್ಲುತ್ತವೆ. ಯಂತ್ರದ ಬಲವೆಲ್ಲವೂ ಅಲ್ಲಿಯೇ. ನಾಲ್ಕನೆಯದು ಪ್ರತಿಯೊಬ್ಬ ವಿದ್ಯಾರ್ಥಿಗೂ ಹೊಸದಾಗಿ ನಡೆಯತಕ್ಕುದು. ಹಾರ್ವರ್ಡ್ ಮತ್ತು ಎಂ.ಐ.ಟಿ. ವಿದ್ಯಾಸಂಸ್ಥೆಗಳ ಆನ್‌ಲೈನ್ ಪಾಠಮಾಲೆಗಳನ್ನು ಪರಿಶೀಲಿಸಿ ೨೦೧೯ರಲ್ಲಿ ಪ್ರಕಟವಾದ ಲೆಕ್ಕದಂತೆ, ೨೦೧೭-೧೮ರಲ್ಲಿ ಸೇರಿದವರಲ್ಲಿ ಪಾಠವನ್ನು ಮುಗಿಸಿದವರು ಶೇಕಡ ೩.೧೩ ಮಾತ್ರ. ಅದರಲ್ಲಿ ಕುತೂಹಲಕ್ಕೆ ಹೆಸರು ಬರೆಯಿಸಿದವರೂ ಸೇರಿದ್ದರೆಂಬುದು ನಿಜ. ಆದರೂ ಪಾಠದ ಸಾಮಗ್ರಿಯು ಕೈಗೆ ಸಿಕ್ಕುವುದೇ ಬೇರೆ, ಕಲಿಕೆಯು ಕೊನೆಮುಟ್ಟುವುದೇ ಬೇರೆ ಎಂಬುದಕ್ಕೆ ಈ ಲೆಕ್ಕವು ಸಾಕ್ಷಿಯಾಗಿದೆ.

೩

ಯಂತ್ರವು ಎಲ್ಲಿ ಎಡವಬಹುದೆಂಬುದನ್ನು ಶಾಸನಪಾಠದಿಂದಲೇ ತೋರಿಸಬಹುದು. ಇಂದಿನ ಭಾಷಾಯಂತ್ರವು ತಾನು ಕಂಡ ಅಪಾರವಾದ ಬರಹದ ಆಧಾರದಿಂದ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಹೆಚ್ಚು ಸಂಭಾವ್ಯವೆಂದು ಲೆಕ್ಕಹಾಕಿ ವಾಕ್ಯವನ್ನು ಬೆಳೆಯಿಸುತ್ತದೆ. ಅದು ಕಂಡ ಕನ್ನಡದಲ್ಲಿ ಹೊಸಗನ್ನಡವು ಬಹಳ, ಹಳಗನ್ನಡವು ಅತ್ಯಲ್ಪ. ಆದುದರಿಂದ ಸಂದೇಹದ ಸ್ಥಳಗಳಲ್ಲಿ ಅದು ಹೊಸಗನ್ನಡದ ಕಡೆಗೆ ವಾಲುತ್ತದೆ.

ದತ್ತಿಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ಶಾಪವಾಕ್ಯದ 'ಅೞಿದವಂ' ಎಂಬ ಪದವನ್ನು ತೆಗೆದುಕೊಳ್ಳಬಹುದು. ದತ್ತಿಯನ್ನು ಕೆಡಿಸಿದವನೆಂದು ಅಲ್ಲಿಯ ಅರ್ಥ. ಹೊಸಗನ್ನಡದಲ್ಲಿ 'ಅಳಿದವನು' ಎಂದರೆ ತೀರಿಕೊಂಡವನು. ವಿದ್ಯಾರ್ಥಿಯೊಬ್ಬನು ಇದಕ್ಕೆ 'ಸತ್ತವನು' ಎಂದು ಅರ್ಥ ಬರೆದನೆಂದು ಇಟ್ಟುಕೊಂಡರೆ, ಅಂಕವಿಡುವ ಯಂತ್ರವು ಉತ್ತರವು ತಪ್ಪೆಂದು ಗುರುತುಮಾಡಿ ಸರಿಯಾದುದನ್ನು ತೋರಿಸುತ್ತದೆ. ಆದರೆ ಆ ಒಂದು ತಪ್ಪಿನ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಅವನು ೞಕಾರವನ್ನು ಗುರುತಿಸದೆ ಇದ್ದಿರಬಹುದು. ಗುರುತಿಸಿಯೂ ಹಳೆಯ ಅರ್ಥವನ್ನು ತಿಳಿಯದೆ ಇರಬಹುದು. ಅರ್ಥವನ್ನು ತಿಳಿದೂ, ಹಿಂದಿನ 'ಇದಂ' ಎಂಬುದು ದ್ವಿತೀಯೆಯಾದುದರಿಂದ ಕ್ರಿಯೆಯು ಸಕರ್ಮಕವೆಂಬುದನ್ನು ಗಮನಿಸದೆ ಇರಬಹುದು. ಮೊದಲನೆಯವನಿಗೆ ಲಿಪಿಪಾಠವು ಬೇಕು, ಎರಡನೆಯವನಿಗೆ ನಿಘಂಟು, ಮೂರನೆಯವನಿಗೆ ವ್ಯಾಕರಣ. 'ಇಲ್ಲಿ ಯಾವುದನ್ನು ಅೞಿದನು?' ಎಂದು ಉಪಾಧ್ಯಾಯನು ಕೇಳುವ ಒಂದು ಪ್ರಶ್ನೆಯಿಂದ ಈ ಮೂವರೂ ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತಾರೆ.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯವೊಂದುಂಟು. ಹತ್ತನೆಯ ಶತಮಾನದ ಕಲ್ಲುಗಳಲ್ಲಿ ಸಾಮಾನ್ಯವಾಗಿ ಉಳಿದಿರುವ ೞಕಾರವು ಹನ್ನೆರಡನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಳಕಾರದಲ್ಲಿಯೂ, ವ್ಯಂಜನದ ಹಿಂದೆ ರೇಫದಲ್ಲಿಯೂ ಬೆರೆತುಹೋಯಿತು. ಕಲ್ಲಿನ ಮೇಲೆ ಯಾವ ಅಕ್ಷರವಿದೆಯೆಂಬುದು ಕಾಲನಿರ್ಣಯಕ್ಕೆ ಒಂದು ಸಾಧನ. 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಜೀವಿಸು. ಅಕ್ಷರವನ್ನು ಏಕರೂಪಕ್ಕೆ ತರುವ ಯಂತ್ರವು ಅರ್ಥವನ್ನೂ ಕಾಲದ ಗುರುತನ್ನೂ ಒಟ್ಟಿಗೆ ಒರಸಿಬಿಡುತ್ತದೆ. ಯಂತ್ರಗಳಿಗಾಗಿ ಲೋಕದ ಲಿಪಿಗಳನ್ನೆಲ್ಲ ಪಟ್ಟಿಮಾಡಿರುವ ಯೂನಿಕೋಡಿನಲ್ಲಿ ೞಕಾರಕ್ಕೆ 'ಫಾ' ಎಂಬ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ಪಟ್ಟಿಯ ನಿಯಮವಾದುದರಿಂದ, ತಪ್ಪೆಂದು ಒಪ್ಪಿ ಟಿಪ್ಪಣಿಯನ್ನೂ ಸರಿಯಾದ ಉಪನಾಮವನ್ನೂ ಸೇರಿಸಿದ್ದಾರೆಯೇ ಹೊರತು ಮೂಲದ ಹೆಸರು ಹಾಗೆಯೇ ಉಳಿದಿದೆ. ಪಾಠಮಾಲೆಯಲ್ಲಿ ನುಸುಳಿದ ತಪ್ಪೋದಿಗೂ ಇದೇ ಗತಿಯಾಗಬಹುದು. ಅದನ್ನು ಕಲಿತವರು ಅದನ್ನೇ ಬರೆಯುವರು. ಅವರ ಬರಹವೇ ಮುಂದಿನ ಯಂತ್ರಕ್ಕೆ ಆಧಾರವಾಗುವುದು. ಕಲ್ಲನ್ನು ನೋಡಿ ತಿದ್ದಬಲ್ಲವರು ಆ ವೇಳೆಗೆ ಇಲ್ಲವಾದರೆ ತಪ್ಪೇ ಪಾಠವಾಗಿ ನಿಲ್ಲುತ್ತದೆ.

೪

ಯಂತ್ರವನ್ನು ದೂರವಿಡಬೇಕೆಂದು ಇದರಿಂದ ಸಿದ್ಧಿಸುವುದಿಲ್ಲ. ವಿದ್ಯಾಸ್ಥಾನದಲ್ಲಿ ಸಂಗ್ರಹಿಸುವವನಿಗೂ ಬೋಧಿಸುವವನಿಗೂ ಬೇರೆ ಬೇರೆ ಸ್ಥಾನವಿರಬೇಕೆಂಬುದನ್ನು ಕನ್ನಡನಾಡು ಹಿಂದೆಯೇ ಕಂಡುಕೊಂಡಿತ್ತು. ಬಾಗಳಿಯ ಗುಡಿ ಎದ್ದ ಎಪ್ಪತ್ತು ವರ್ಷಗಳ ತರುವಾಯ, ಅದೇ ಚಾಳುಕ್ಯವಂಶದ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಘಟಿಕಾಶಾಲೆಯೊಂದು ನಡೆಯುತ್ತಿತ್ತು. ಅದರ ಕ್ರಿ. ಶ. ೧೦೫೮ರ ಶಾಸನವು ಇನ್ನೂರು ಮಂದಿ ವೇದಾಧ್ಯಾಯಿಗಳನ್ನೂ ಸುಮಾರು ಐವತ್ತು ಮಂದಿ ಶಾಸ್ತ್ರಾಧ್ಯಾಯಿಗಳನ್ನೂ ಹೇಳಿ, ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರನ್ನೂ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೆಸರಿಸುತ್ತದೆ. ಬೋಧಿಸುವವರೆಷ್ಟೋ ಪುಸ್ತಕಭಂಡಾರವನ್ನು ಕಾಯುವವರೂ ಅಷ್ಟೇ. ಭಂಡಾರಿಗನಿಲ್ಲದೆ ಉಪಾಧ್ಯಾಯನ ಕೆಲಸವು ಸಾಗದು. ಆದರೂ ಭಂಡಾರಿಗನು ಉಪಾಧ್ಯಾಯನಲ್ಲ.

ಇಂದಿನ ಯಂತ್ರಕ್ಕೆ ಒಪ್ಪುವುದು ಈ ಭಂಡಾರಿಗನ ಸ್ಥಾನ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಕೈಕೊಂಡ ಯೋಜನೆಯಲ್ಲಿ ಬೆಂಗಳೂರು ಸುತ್ತಿನ ಶಾಸನಶಿಲೆಗಳ ಮೂರು ಆಯಾಮದ ಪ್ರತಿಗಳನ್ನು ಸ್ಕ್ಯಾನರಿನಿಂದ ತೆಗೆಯಿಸಿತು. ಕಾಗದದ ಪಡಿಯಚ್ಚಿನಲ್ಲಿ ಮಸಕಾದ ಗೀರುಗಳು ಇಂಥ ಪ್ರತಿಯಲ್ಲಿ ಬೆಳಕನ್ನು ಓರೆಯಾಗಿ ಬೀಳಿಸಿದಾಗ ಎದ್ದು ಕಾಣುತ್ತವೆ. ಇದು ಭಂಡಾರಿಗನ ಉತ್ತಮವಾದ ಸೇವೆ. ಆ ಗೀರು ಅಕ್ಷರವೋ ಕಲ್ಲಿನ ಬಿರುಕೋ ಎಂಬ ನಿರ್ಣಯವು ಓದುವವನದು.

ಪ್ರಶ್ನೋತ್ತರದಲ್ಲಿಯೂ ಯಂತ್ರಕ್ಕೆ ಮಿತವಾದ ಪಾಲನ್ನು ಕೊಡಬಹುದೆಂಬುದಕ್ಕೆ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ನಡೆದ ಪ್ರಯೋಗವು ನಿದರ್ಶನ. ಅಲ್ಲಿ ಅಶೋಕ ಗೋಯಲ್ ಅವರು ೨೦೧೬ರಲ್ಲಿ ತಮ್ಮ ಆನ್‌ಲೈನ್ ಪಾಠಮಾಲೆಗೆ ಜಿಲ್ ವಾಟ್ಸನ್ ಎಂಬ ಯಂತ್ರಸಹಾಯಕನನ್ನು ನೇಮಿಸಿದರು. ಮತ್ತೆ ಮತ್ತೆ ಬರುವ ಸಾಮಾನ್ಯಪ್ರಶ್ನೆಗಳಿಗೆ, ಅದೂ ಶೇಕಡ ೯೭ರಷ್ಟು ಖಚಿತತೆಯಿದ್ದಾಗ ಮಾತ್ರ, ಅದು ಉತ್ತರ ಕೊಡುತ್ತಿತ್ತು. ಉಳಿದುವು ಮನುಷ್ಯಸಹಾಯಕರಿಗೆ ಹೋಗುತ್ತಿದ್ದುವು. ಉತ್ತರಿಸುತ್ತಿದ್ದುದು ಯಂತ್ರವೆಂದು ವಿದ್ಯಾರ್ಥಿಗಳಿಗೆ ಮೊದಲು ತಿಳಿದಿರಲಿಲ್ಲ. ಅದು ಪ್ರಯೋಗಕ್ಕೆ ಸಲ್ಲಬಹುದಾದರೂ ಪಾಠಕ್ಕೆ ಮಾದರಿಯಾಗಲಾರದು. ಸಂದೇಹದಲ್ಲಿ ಸುಮ್ಮನಿರಬೇಕೆಂಬ ನಿಯಮವಾದರೋ ಅನುಸರಣೀಯವಾದುದು.

೫

ಬಾಗಳಿಯ ಶಾಸನಗಳನ್ನು ಪಠ್ಯವಾಗಿಟ್ಟು ಪಾಠಮಾಲೆಯನ್ನು ರಚಿಸುವುದಾದರೆ ಕೆಲಸವನ್ನು ಹೀಗೆ ಹಂಚಬಹುದು. ಉಪನ್ಯಾಸವನ್ನು ಬರಹಕ್ಕಿಳಿಸುವುದು, ಪದಸೂಚಿ, ಅಕ್ಷರಗಳ ಚಿತ್ರಪಟ್ಟಿ, ಒಂದೇ ಉತ್ತರವುಳ್ಳ ಅಭ್ಯಾಸಗಳ ಪರಿಶೀಲನೆ, ಗಡುವಿನ ನೆನಪೋಲೆ, ಇವು ಯಂತ್ರಕ್ಕೆ. ಶಾಸನದ ಆಯ್ಕೆ, ಮೊದಲ ಓದು, ಯಂತ್ರದ ಅನುವಾದವನ್ನು ಮೂಲದೊಡನೆ ಹೋಲಿಸಿ ಒಪ್ಪುವುದು, ತಪ್ಪುತ್ತರಗಳ ಕಾರಣವನ್ನು ವಿಚಾರಿಸುವುದು, ಇವು ಗುರುವಿಗೆ. ಯಂತ್ರವು ಮಾಡಿದ ಭಾಗಕ್ಕೆ ಅದರ ಗುರುತಿರಬೇಕು. ಪ್ರತಿಯೊಂದು ಓದಿಗೂ ಹೊಣೆಗಾರರಾದವರ ಹೆಸರಿರಬೇಕು.

ಈ ಹಂಚಿಕೆಯು ಸಮತೋಲವಾಗಿದೆಯೇ ಎಂಬುದನ್ನು ಪರೀಕ್ಷಿಸಲು ಸುಲಭವಾದ ಒರೆಗಲ್ಲೊಂದಿದೆ: ಯಂತ್ರದಿಂದ ಉಳಿದ ಹೊತ್ತು ಎಲ್ಲಿಗೆ ಹೋಯಿತು? ಬರೆಯುವ, ಪಟ್ಟಿಮಾಡುವ, ಅಂಕವಿಡುವ ಕೆಲಸದಿಂದ ಬಿಡುವಾದ ಉಪಾಧ್ಯಾಯನು ಅದೇ ಹೊತ್ತನ್ನು ನಾಲ್ಕನೆಯ ಅಂಗವಾದ ಚರ್ಚೆಯಲ್ಲಿ ಕಳೆದರೆ ಯಂತ್ರವು ಗುರುವಿನ ಬಲವನ್ನು ಹೆಚ್ಚಿಸಿತು. ಹೊತ್ತು ಉಳಿಯಿತೆಂದು ಉಪಾಧ್ಯಾಯನನ್ನೇ ಕಡಿಮೆಮಾಡಿದರೆ, ಉಳಿತಾಯವಾದುದು ಹಣ ಮಾತ್ರ. ಪಾಠಮಾಲೆಯು ಮತ್ತೊಂದು ಮುದ್ರಿತ ಸಂಪುಟದಂತೆ ನಿಲ್ಲುತ್ತದೆ, ೧೯೩೯ರ ಸಂಪುಟದಲ್ಲಿದ್ದಂತೆ ಸಂಪಾದಕರ ಹೆಸರು ಕೂಡ ಇಲ್ಲದೆ.

ಅಂಥ ಪಾಠಮಾಲೆಯ ಕೊನೆಯ ಪಾಠವು ಬಾಗಳಿಯ ಗುಡಿಯಲ್ಲಿಯೇ ನಡೆಯುವುದು ಯುಕ್ತ. ಪರದೆಯ ಮೇಲೆ ಕಲಿತ ವಿದ್ಯಾರ್ಥಿಯು ಕಲ್ಲಿನ ಮೇಲಣ ೞಕಾರವನ್ನು ತಾನೇ ಕಂಡುಹಿಡಿದು ಒಂದು ಸಾಲನ್ನು ಗಟ್ಟಿಯಾಗಿ ಓದಬೇಕು. ಆ ಓದನ್ನು ಕೇಳಿ, ತಪ್ಪಿದಲ್ಲಿ ತಡೆದು, ಏಕೆ ಹಾಗೆ ಓದಿದೆಯೆಂದು ಕೇಳುವವರೊಬ್ಬರು ಪಕ್ಕದಲ್ಲಿರಬೇಕು.