ಬೀಗ ಬಿದ್ದ ಸಿಂಗಾಪುರದ ತಮಿಳು ಹೈಸ್ಕೂಲು

ಸಿಂಗಾಪುರ ಅಂದರೆ ನಮ್ಮ ಪೇಟೆಯವರಿಗೆ ಒಂದು ಕಾಲಕ್ಕೆ ವಾಚು, ಟ್ರಾನ್ಸಿಸ್ಟರು, ಸೆಂಟಿನ ಬಾಟಲಿ. ಆ ಊರಿನಲ್ಲಿ ಉಮರು ಪುಲವರ್ ಹೆಸರಿನ ತಮಿಳು ಹೈಸ್ಕೂಲೊಂದಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು?

ಕಟ್ಟಿದವರು ದೊಡ್ಡ ಸಾಹುಕಾರರೇನಲ್ಲ. ತಿರುನೆಲ್ವೇಲಿ ಸೀಮೆಯ ಕಡಯನಲ್ಲೂರಿನಿಂದ ಹೊಟ್ಟೆಪಾಡಿಗೆ ಹಡಗು ಹತ್ತಿದ ಮುಸಲ್ಮಾನರು. ಬಂದರಿನ ಪಕ್ಕದ ತಾಂಜೋಂಗ್ ಪಗಾರಿನಲ್ಲಿ ನೆಲೆಸಿದ್ದರು. ಜಪಾನೀಯರು ಸೋತು ಹೋದ ಮರುವರ್ಷ, 1946ರಲ್ಲಿ, ಮಕ್ಕಳಿಗಾಗಿ ಶಾಲೆ ತೆರೆದರು. ಇಟ್ಟ ಹೆಸರು ಪ್ರವಾದಿಗಳ ಚರಿತ್ರೆಯನ್ನು 'ಸೀರಾಪುರಾಣಂ' ಎಂದು ತಮಿಳಿನಲ್ಲಿ ಹಾಡಿದ 17ನೇ ಶತಮಾನದ ಕವಿಯದು. ಧರ್ಮ ಬೇರೆ, ಭಾಷೆ ಬೇರೆ ಎಂದು ಕಿತ್ತಾಡುವವರು ಇದನ್ನು ಸ್ವಲ್ಪ ನೋಡಬೇಕು.

1960ರಲ್ಲಿ ಹೈಸ್ಕೂಲು ತರಗತಿಗಳೂ ಬಂದವು. ಇಡೀ ಸಿಂಗಾಪುರಕ್ಕೆ ತಮಿಳು ಮಾಧ್ಯಮದ ಹೈಸ್ಕೂಲು ಇದೊಂದೇ! 1965ರಲ್ಲಿ ದೇಶ ಸ್ವತಂತ್ರವಾದಾಗ ತಮಿಳೂ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು. ಇನ್ನೇನು ಬೇಕು ಅನ್ನಿಸುತ್ತೆ, ಅಲ್ಲವೆ?

ಬೇಕಾದ್ದು ಮಕ್ಕಳು. ಪೂರ್ತಿ ತಮಿಳಿನಲ್ಲೇ ಪಾಠ ಹೇಳುವ ವಿಶ್ವವಿದ್ಯಾನಿಲಯ ಅಲ್ಲಿರಲಿಲ್ಲ. ನೌಕರಿ, ವ್ಯಾಪಾರ ಎಲ್ಲ ಇಂಗ್ಲಿಷಿನ ಕಡೆ ವಾಲಿತ್ತು. ಮೇಲಾಗಿ 1966ರಿಂದ ಹೈಸ್ಕೂಲುಗಳಲ್ಲಿ ಎರಡನೇ ಭಾಷೆ ಕಡ್ಡಾಯವಾಯಿತು. ಇಂಗ್ಲಿಷ್ ಶಾಲೆಗೆ ಹಾಕಿದರೂ ಹುಡುಗ ತಮಿಳು ಕಲೀತಾನೆ ಎಂದಮೇಲೆ ತಂದೆತಾಯಿಗಳು ಲೆಕ್ಕ ಹಾಕದೆ ಇರ್ತಾರೆಯೆ? ಸಾಲದ್ದಕ್ಕೆ 1971ರ ಹೊತ್ತಿಗೆ ಬ್ರಿಟಿಷರ ಸೇನೆ ಗಂಟುಮೂಟೆ ಕಟ್ಟಿತು. ನೌಕಾನೆಲೆಯ ಕೆಲಸ ನಂಬಿಕೊಂಡಿದ್ದ ಎಷ್ಟೋ ತಮಿಳು, ಮಲಯಾಳಿ ಸಂಸಾರಗಳು ಊರಿಗೆ ವಾಪಸಾದವು.

ಬೆಂಚುಗಳು ಖಾಲಿಯಾಗುತ್ತ ಬಂದು 1982ರಲ್ಲಿ ಶಾಲೆ ಮುಚ್ಚಿತು. ಅಲ್ಲಿಗೆ ತಮಿಳು ಮಾಧ್ಯಮದ ಕಥೆಯೂ ಮುಗಿಯಿತು. ತಮ್ಮ ಶಾಲೆಯಲ್ಲಿ ತಮಿಳು ಪಾಠವಿಲ್ಲದ ಮಕ್ಕಳಿಗಾಗಿ 1983ರಲ್ಲಿ ಅದೇ ಕವಿಯ ಹೆಸರಿನ ಭಾಷಾ ಕೇಂದ್ರ ಶುರುವಾಯಿತು. ಮಾಧ್ಯಮ ಹೋಯಿತು, ವಿಷಯ ಉಳಿಯಿತು.

ಕನ್ನಡದವರ ಪಾಡು? 1990ರ ಸುಮಾರಿಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೂ ಅಲ್ಲಿನ ಶಾಲೆಯಲ್ಲಿ ಜಾಗ ಸಿಕ್ಕಿತು. ಕನ್ನಡ ಆ ಪಟ್ಟಿಯಲ್ಲಿಲ್ಲ. ಅಲ್ಲಿ ನೌಕರಿಗಿರುವ ನಮ್ಮವರ ಮಕ್ಕಳು ಮಾತೃಭಾಷೆಯ ಪೀರಿಯಡ್ಡಿನಲ್ಲಿ ತಮಿಳನ್ನೋ ಹಿಂದಿಯನ್ನೋ ಓದುತ್ತಾರೆ.