ಡಾಕ್ಟರರು ಮೊದಲು ಕೇಳಲಿ, ಆಮೇಲೆ ಹೇಳಲಿ

ಹೊಟ್ಟೆನೋವು ಬಂದರೆ ನಮ್ಮವರು ಸೀದಾ ಡಾಕ್ಟರ ಹತ್ತಿರ ಹೋಗುತ್ತಾರೆ. ಮನಸ್ಸು ಕೆಟ್ಟರೆ ಮೊದಲು ಬರುವುದು ಮದ್ರಸದ ಬಾಗಿಲಿಗೆ. ಕರಾವಳಿಯ ನಮ್ಮ ಊರಲ್ಲೂ ಅಷ್ಟೇ, ನಾವು ಈಗ ಪಾಠ ಹೇಳುತ್ತಿರುವ ಧಾರವಾಡ ಜಿಲ್ಲೆಯ ಕುಂದಗೋಳದಲ್ಲೂ ಅಷ್ಟೇ. ಅಲ್ಲಿ "ಉಸ್ತಾದರೇ" ಅನ್ನುತ್ತಾರೆ, ಇಲ್ಲಿ "ಹಜರತ್" ಅನ್ನುತ್ತಾರೆ. ಹೇಳುವ ಸಂಕಟ ಮಾತ್ರ ಒಂದೇ: "ಹಜರತ್, ಹುಡುಗಗ ಏನೋ ಸೋಂಕೈತಿ, ರಾತ್ರಿ ನಿದ್ದಿ ಮಾಡವಲ್ಲ, ಸ್ವಲ್ಪ ಓದಿ ಊದ್ರಿ."

ಓದುತ್ತೇವೆ, ದುಆ ಮಾಡುತ್ತೇವೆ. ಆಮೇಲೆ "ಡಾಕ್ಟರಿಗೂ ತೋರಿಸಿ" ಎಂದು ಹೇಳಿ ಕಳಿಸುತ್ತೇವೆ. ಮದ್ದು ಮಾಡಿಸಿಕೊಳ್ಳಿ ಎಂದು ಪ್ರವಾದಿಯವರೇ(ಸ) ಹೇಳಿರುವಾಗ ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಆದರೆ ಹೀಗೆ ಹೋದವರಲ್ಲಿ ಕೆಲವರು ಒಂದೇ ಸಲ ಹೋಗಿ ನಿಲ್ಲಿಸಿಬಿಡುತ್ತಾರೆ. ಯಾಕೆ ಎಂದು ಕೇಳಿದರೆ ಮದ್ದಿನ ಮೇಲೆ ದೂರು ಹೇಳುವವರು ಕಡಿಮೆ. "ನಮ್ಮ ಮಾತು ಅವರಿಗೆ ತಿಳಿಯಲೇ ಇಲ್ಲ" ಎನ್ನುವವರೇ ಹೆಚ್ಚು.

ಮನೋವೈದ್ಯರಿಗೂ ಕೌನ್ಸೆಲಿಂಗ್ ಮಾಡುವವರಿಗೂ ಬೇರೆ ಬೇರೆ ಸಮುದಾಯಗಳ ಭಾಷೆ, ನಂಬಿಕೆ, ಮನೆಯ ರೀತಿಗಳ ಬಗ್ಗೆ ತರಬೇತಿ ಕೊಡಬೇಕು ಎಂಬ ಮಾತು ಈಗ ಜಗತ್ತಿನ ಎಲ್ಲ ಕಡೆ ಇದೆ. ಕೇಳುವಾಗ ಇದು ದೊಡ್ಡ ದೊಡ್ಡ ಊರುಗಳ ಸಮಾಚಾರ ಎಂದು ತೋರಬಹುದು. ನಮಗೆ ತಿಳಿದಿರುವ ಒಂದು ಮನೆಯ ವಿಷಯ ಹೇಳಿದರೆ ಇದು ನಮ್ಮ ಅಡುಗೆಮನೆಯ ತನಕ ಬರುವ ಸಂಗತಿ ಎಂದು ಗೊತ್ತಾಗುತ್ತದೆ.

ಕರಾವಳಿಯಿಂದ ಬಂದು ಈ ಕಡೆ ವ್ಯಾಪಾರ ಮಾಡಿಕೊಂಡಿರುವ ಬ್ಯಾರಿ ಕುಟುಂಬ. ಹೆರಿಗೆಯಾಗಿ ನಲ್ವತ್ತು ದಿನ ಮುಗಿದಿಲ್ಲ, ಹೆಣ್ಣುಮಗಳಿಗೆ ನಿದ್ದೆ ಹೋಯಿತು. ಅಳು, ಹೆದರಿಕೆ, ಮಗುವನ್ನು ಮುಟ್ಟಲೂ ಒಲ್ಲೆ ಎನ್ನುವುದು. ಗಂಡ ಬುದ್ಧಿವಂತ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಬುರ್ಖಾ ನೋಡಿದ ಕೂಡಲೇ ಉರ್ದು ಬಲ್ಲ ಒಬ್ಬ ಸಿಬ್ಬಂದಿಯನ್ನು ಕರೆಸಿದರು. ಒಳ್ಳೆಯ ಮನಸ್ಸಿನಿಂದಲೇ ಕರೆಸಿದ್ದು. ಆದರೆ ಈಕೆಗೆ ಉರ್ದುವಿನ ಗಂಧವೇ ಇಲ್ಲ! ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ. ಕೇಳಿದ್ದೇನೆಂದು ತಿಳಿಯದೆ ಸುಮ್ಮನೆ ಕೂತಳು. ಸುಮ್ಮನೆ ಕೂತದ್ದೂ ರೋಗದ ಲಕ್ಷಣವಾಯಿತು. ಉಳಿದ ಪ್ರಶ್ನೆಗಳಿಗೆಲ್ಲ ಗಂಡನೇ ಉತ್ತರ ಕೊಟ್ಟ. ಓದಿ ಊದಿದ ನೀರು ಕುಡಿಸಿದ್ದೇವೆ ಎಂದು ಅವನು ಬಾಯಿಬಿಟ್ಟದ್ದಕ್ಕೆ, "ಅದನ್ನೆಲ್ಲ ಬಿಟ್ಟು ಬನ್ನಿ, ಇನ್ನೂ ಯಾವ ಕಾಲದಲ್ಲಿದ್ದೀರಿ" ಎಂಬ ಮಾತು ಕೇಳಬೇಕಾಯಿತು. ಮಾತ್ರೆ ಮನೆಗೆ ಬಂತು, ಕಪಾಟಿನಲ್ಲೇ ಉಳಿಯಿತು.

ಕೊನೆಗೆ ಅವಳನ್ನು ಊರಿಗೆ, ತಾಯಿಮನೆಗೆ ಕಳಿಸಿದರು. ಅಲ್ಲಿ ನೋಡಿದ ಡಾಕ್ಟರರು ಸರಳ ಕನ್ನಡದಲ್ಲಿ ಮಾತಾಡಿಸಿದರು. ಗಂಡನಿಗೆ ಸ್ವಲ್ಪ ಹೊರಗೆ ಕೂರಲು ಹೇಳಿ, ನರ್ಸಮ್ಮನನ್ನು ಒಳಗೆ ಕೂರಿಸಿಕೊಂಡರು. "ನಿಮಗೆ ಏನಾಗಿದೆ ಎಂದು ನಿಮಗೆ ಅನಿಸುತ್ತದೆ?" ಎಂದು ಕೇಳಿದರು. ಆಗ ಹೊರಬಂತು: ಮಗುವಿಗೆ ತಾನೇ ಏನಾದರೂ ಮಾಡಿಬಿಡುತ್ತೇನೋ ಎಂಬ ಭಯ ಅವಳನ್ನು ತಿನ್ನುತ್ತಿತ್ತು. ಗಂಡನ ಎದುರು, ಗೊತ್ತಿಲ್ಲದ ಭಾಷೆಯಲ್ಲಿ, ಇಂಥ ಮಾತನ್ನು ಯಾವ ತಾಯಿ ಹೇಳಿಯಾಳು? ಆ ವಾರವೇ ಮಾತ್ರೆ ಶುರುವಾಯಿತು, ತಿಂಗಳುಗಳಲ್ಲಿ ಅವಳು ಗೆಲುವಾದಳು. ಎರಡೂ ಕಡೆ ಡಾಕ್ಟರರು ಓದಿದ ಪುಸ್ತಕ ಹೆಚ್ಚುಕಡಿಮೆ ಒಂದೇ ಇರಬೇಕು. ಕೇಳಿದ ಪ್ರಶ್ನೆ ಬೇರೆ, ಅಷ್ಟೇ.

ಆ ಪ್ರಶ್ನೆ ಆಕಸ್ಮಿಕವಾಗಿ ಬಂದದ್ದಲ್ಲ. ರೋಗಿ ತನ್ನ ರೋಗದ ಬಗ್ಗೆ ಏನು ತಿಳಿದುಕೊಂಡಿದ್ದಾನೆ ಎಂದು ಡಾಕ್ಟರರು ಕೇಳಲೇಬೇಕು ಎಂದು ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲೇ ಹೇಳಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಎಂಬ ಕೈಪಿಡಿಯಲ್ಲಿ ಇದಕ್ಕೆಂದೇ 16 ಪ್ರಶ್ನೆಗಳನ್ನು ಕೊಟ್ಟಿದ್ದಾರೆ. ನಿಮ್ಮ ಕಷ್ಟಕ್ಕೆ ನೀವು ಏನು ಹೆಸರು ಹೇಳುತ್ತೀರಿ, ಮನೆಯವರು ಏನು ಕಾರಣ ಹೇಳುತ್ತಾರೆ, ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ಹೋಗಿದ್ದಿರಿ, ಅದರಿಂದ ಏನು ಪ್ರಯೋಜನವಾಯಿತು, ಇಂಥವು. ಕೇಳಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಸಾಲುಗಟ್ಟಿ ಜನ ನಿಂತಿರುವ ಸರಕಾರಿ ಆಸ್ಪತ್ರೆಯಲ್ಲಿ ಅಷ್ಟು ಹೊತ್ತು ಎಲ್ಲಿಂದ ತರುವುದು ಎಂಬ ಡಾಕ್ಟರರ ಕಷ್ಟವೂ ನಿಜವೇ. ಎರಡು ಪ್ರಶ್ನೆಗಳನ್ನಾದರೂ ಕೇಳಲಿ ಎಂದು ನಾವು ಹೇಳುವುದು.

ಇದು ಉಪಕಾರದ ಮಾತೂ ಅಲ್ಲ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಧರ್ಮ, ಸಂಸ್ಕೃತಿ, ಜಾತಿಯ ಆಧಾರದಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ, ರೋಗಿಗೂ ಮನೆಯವರಿಗೂ ಒಪ್ಪಿಗೆಯಾಗುವ ರೀತಿಯಲ್ಲಿ ಚಿಕಿತ್ಸೆ ಇರಬೇಕು ಎಂದೂ ಹೇಳುತ್ತದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಡಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ಕಾನೂನಿನಲ್ಲಿ ಬರೆದದ್ದು ಡಾಕ್ಟರರ ಮೇಜಿನ ತನಕ ಬರಬೇಕಾದರೆ ಯಾರಾದರೂ ಅದನ್ನು ಕಲಿಸಬೇಕಲ್ಲ? ತರಬೇತಿ ಬೇಕಾಗುವುದು ಅದಕ್ಕೇ.

ಆದರೆ ತರಬೇತಿಯೆಂದರೆ "ಮುಸ್ಲಿಮರು ಹೀಗೆ, ಲಿಂಗಾಯತರು ಹಾಗೆ" ಎಂದು ಪಟ್ಟಿ ಬಾಯಿಪಾಠ ಮಾಡಿಸುವುದಾದರೆ ಅದು ಇಲ್ಲದಿರುವುದೇ ವಾಸಿ. ಮುಸ್ಲಿಂ ಎಂದರೆ ಉರ್ದು ಎಂದುಕೊಂಡದ್ದರಿಂದಲೇ ಮೇಲಿನ ಎಡವಟ್ಟು ಆದದ್ದು. ನಮ್ಮದು ಬ್ಯಾರಿ ಭಾಷೆ, ಶಾಫಿ ಮದ್‌ಹಬ್. ಕುಂದಗೋಳ, ಹುಬ್ಬಳ್ಳಿಯ ಮುಸ್ಲಿಮರಲ್ಲಿ ಹೆಚ್ಚಿನವರದು ದಖ್ಖನಿ ಮಾತು, ಹನಫಿ ಮದ್‌ಹಬ್. ಇಲ್ಲಿಯ ನದಾಫ, ಪಿಂಜಾರ ಮನೆಗಳಲ್ಲಿ ಅಚ್ಚ ಧಾರವಾಡ ಕನ್ನಡ ಆಡುವವರು ಬೇಕಾದಷ್ಟು ಮಂದಿ. ಭಟ್ಕಳದ ನವಾಯತರದು ಇನ್ನೊಂದೇ ಮಾತು. ಕನ್ನಡವಾದರೂ ಒಂದೇ ಇದೆಯೇ? ಇಲ್ಲಿಯ ಮುದುಕಿ "ಎದಿ ಹಾರತೈತಿ, ಜೀವಕ್ಕ ಸಮಾಧಾನ ಇಲ್ರೀ" ಎಂದರೆ ಮೈಸೂರು ಕಡೆಯಿಂದ ಬಂದ ಹೊಸ ಡಾಕ್ಟರರು ಇಸಿಜಿ ಮಾಡಿಸಲು ಬರೆದುಕೊಡಬಹುದು. ಇಸಿಜಿ ಮಾಡಿಸಿದ್ದು ತಪ್ಪಲ್ಲ, ಅಲ್ಲಿಗೇ ನಿಲ್ಲಿಸಿದರೆ ತಪ್ಪು. ಹಾಗಾಗಿ ಇದು ನಮ್ಮೊಬ್ಬರ ಬೇಡಿಕೆಯಲ್ಲ. ನವಲಗುಂದ ತಾಲೂಕಿನ ಯಮನೂರಿಗೆ ಹೋಗಿ ನೋಡಿ. ಒಬ್ಬರಿಗೆ ಅವರು ಚಾಂಗದೇವ, ಇನ್ನೊಬ್ಬರಿಗೆ ರಾಜಾಬಾಗಸವಾರ. ಹರಕೆ ಹೊತ್ತವರು ಎರಡೂ ಕಡೆಯವರು. ಕುಂದಗೋಳ ತಾಲೂಕಿನದೇ ಕಳಸದ ಗೋವಿಂದಭಟ್ಟರು ಶಿಶುನಾಳದ ಶರೀಫರಿಗೆ (1819–1889) ಗುರುಗಳಾದ ನಾಡು ಇದು. ಇಂಥಲ್ಲಿ ಕೆಲಸ ಮಾಡುವ ಡಾಕ್ಟರರು ಹೆಸರು ನೋಡಿ ನಂಬಿಕೆ ಊಹಿಸಿದರೆ ತಪ್ಪುವ ಸಂಭವವೇ ಹೆಚ್ಚು. ಊಹಿಸುವ ಬದಲು ಕೇಳುವುದು ಸುಲಭ.

ನಮ್ಮ ಕಡೆಯದನ್ನೂ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿದ್ದ ಒಂದು ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು, ಓಡಲು ಆಗಲಿಲ್ಲ. ಈಗ 2017ರ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಗೆ ಕಟ್ಟುವಂತಿಲ್ಲ. ಬರಕತ್ತಿನ ಹೆಸರಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು ದೀನಿನಲ್ಲಿ ಎಲ್ಲಿದೆ ಎಂದು ತೋರಿಸಲು ಯಾರಿಂದಲೂ ಆಗದು. ಹೊಡೆಯುವ, ಹೊಗೆ ಹಾಕುವ, ಮದ್ದು ನಿಲ್ಲಿಸಿ ಎನ್ನುವ, ಸಾವಿರಗಟ್ಟಲೆ ಹಣ ಕೇಳುವವರ ಹತ್ತಿರ ಮಕ್ಕಳನ್ನು ಬಿಡಬೇಡಿ. ಅವರು ನಮ್ಮವರೇ ಆದರೂ ಬಿಡಬೇಡಿ.

ಹಾಗೆಂದು ದುಆಕ್ಕೂ ದವಾಕ್ಕೂ ಜಗಳ ಹಚ್ಚುವ ಅಗತ್ಯವಿಲ್ಲ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿ "ದವಾ-ದುಆ" ಎಂಬ ಹೆಸರಲ್ಲೇ ಒಂದು ಕೆಲಸ ನಡೆಯಿತು. ದರ್ಗಾದ ಮುಜಾವರರಿಗೆ ರೋಗದ ಲಕ್ಷಣ ಗುರುತಿಸಲು ಕಲಿಸಿದರು, ಅವರೇ ರೋಗಿಗಳನ್ನು ಮನೋವೈದ್ಯರ ಹತ್ತಿರ ಕಳಿಸಿದರು. ಮನೋವೈದ್ಯರು ಕೂರುವುದೂ ಅಲ್ಲಿಯೇ. ಜಿಯಾರತ್ ಬಿಡಿ ಎಂದು ಯಾರೂ ಹೇಳಲಿಲ್ಲ. ಇನ್ನೊಂದು, ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡ 31 ಮಂದಿ ರೋಗಿಗಳನ್ನು ನೋಡಿ 2002ರಲ್ಲಿ ಬರೆದಿದ್ದಾರೆ. ಮದ್ದಿಲ್ಲದೆಯೂ ಅವರ ಲಕ್ಷಣಗಳು ಸುಮಾರು ಐದರಲ್ಲೊಂದು ಪಾಲು ಇಳಿದಿದ್ದವಂತೆ. ಬೈಗುಳವಿಲ್ಲ, ಹೆದರಿಕೆಯಿಲ್ಲ, ಮನೆಯವರು ಜೊತೆಗಿದ್ದಾರೆ, ಅದರ ಗುಣ ಎಂದು ಅವರ ಅಭಿಪ್ರಾಯ. ಮದ್ದು ಬೇಡ ಎನ್ನಲು ಇದನ್ನು ಯಾರೂ ಸಾಕ್ಷಿಯಾಗಿ ತರಬಾರದು. ಆಸ್ಪತ್ರೆಯಲ್ಲೂ ಅಂಥ ವಾತಾವರಣ ಬೇಕು ಎನ್ನಲು ತರಬಹುದು.

ಈಗ ನಮ್ಮ ದಿನನಿತ್ಯದ ವಿಷಯ. ವಸ್ವಾಸ್. ವುಝೂ ಮಾಡಲು ಕೂತವನು ಅರ್ಧ ಗಂಟೆಯಾದರೂ ಏಳುವುದಿಲ್ಲ. ಕೈ ತೊಳೆದದ್ದೇ ತೊಳೆದದ್ದು, ನಮಾಝಿನ ನಿಯ್ಯತ್ ಕಟ್ಟಿದ್ದೇ ಕಟ್ಟಿದ್ದು. ಮನೆಯವರು ಮೊದಲು ಇದನ್ನು ತಖ್ವಾ ಎಂದುಕೊಳ್ಳುತ್ತಾರೆ, ಆಮೇಲೆ ಶೈತಾನ್ ಎನ್ನುತ್ತಾರೆ. ನಮ್ಮ ರೀತಿ ಗೊತ್ತಿಲ್ಲದ ಡಾಕ್ಟರರು ಧರ್ಮವೇ ಇವನನ್ನು ಕೆಡಿಸಿತು ಎಂದು ತಿಳಿಯಬಹುದು, ಇಲ್ಲವೇ "ಇವರಲ್ಲಿ ಇದು ಸಹಜ" ಎಂದು ಬಿಟ್ಟುಬಿಡಬಹುದು. ಎರಡೂ ಅಪಾಯವೇ. ಅಂಗಗಳನ್ನು ಒಂದು ಸಲ ತೊಳೆದರೆ ಫರ್ಝ್ ಆಯಿತು, ಮೂರು ಸಲ ಸುನ್ನತ್, ಅದರಾಚೆ ಹೋಗುವುದು ಒಳ್ಳೆಯದಲ್ಲ ಎಂಬುದು ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ವಸ್ವಾಸ್ ಇದ್ದವನು ಸಂಶಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದೆ ಹೋಗಬೇಕು ಎಂದು ಉಲಮಾಗಳು ಹೇಳಿದ್ದಾರೆ. ವಿಚಿತ್ರವೆಂದರೆ ಇಂದಿನ ಮನೋವೈದ್ಯರ ಚಿಕಿತ್ಸೆಯೂ ಅದೇ ದಾರಿಯದು: ಮತ್ತೆ ತೊಳೆಯಬೇಕು ಎಂಬ ಒತ್ತಡ ಬಂದರೂ ತೊಳೆಯದೆ ತಡೆದುಕೊಳ್ಳುವ ಅಭ್ಯಾಸ. ಡಾಕ್ಟರರು ಇಷ್ಟು ತಿಳಿದು "ನಿಮ್ಮ ಉಸ್ತಾದರನ್ನೂ ಕೇಳಿ ಬನ್ನಿ" ಎಂದರೆ ಅರ್ಧ ಕೆಲಸ ಆದಂತೆ. ಹತ್ತನೇ ಶತಮಾನಕ್ಕೂ ಮೊದಲೇ ಹುಟ್ಟಿದ ಅಬೂ ಝೈದ್ ಅಲ್ ಬಲ್ಖಿ ದೇಹದ ರೋಗ, ಮನಸ್ಸಿನ ರೋಗ ಎರಡಕ್ಕೂ ಸೇರಿಸಿ ಒಂದೇ ಗ್ರಂಥ ಬರೆದರು, ವಸ್ವಾಸಿನ ಬಗ್ಗೆ ಅದರಲ್ಲಿ ಬೇರೆಯೇ ಹೇಳಿದರು. ನಮಗೆ ಇದು ಹೊಸ ವಿದ್ಯೆಯಲ್ಲ.

ಇನ್ನೊಂದು ರಮಝಾನ್. ಮಾನಸಿಕ ರೋಗದ ಮಾತ್ರೆಗಳನ್ನು ಕೆಲವರು ಆ ತಿಂಗಳು ಹೇಳದೆ ಕೇಳದೆ ನಿಲ್ಲಿಸುತ್ತಾರೆ. ಪೆರ್ನಾಳಿನ ಹೊತ್ತಿಗೆ ರೋಗ ಮರಳುತ್ತದೆ. ಲಿಥಿಯಂ ತೆಗೆದುಕೊಳ್ಳುವವರ ಸಂಗತಿ ಇನ್ನೂ ಸೂಕ್ಷ್ಮ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಮದ್ದು ಏರಿ ವಿಷವಾಗಬಹುದು, ಈ ಬಯಲುಸೀಮೆಯ ಬಿಸಿಲು ಬೇರೆ. ರೋಗಿಗೆ ಉಪವಾಸದಿಂದ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಉಪವಾಸ ಹಿಡಿಯಬಹುದಾದವರಿಗೆ ಇಫ್ತಾರ್ ಮತ್ತು ಸಹರಿಯ ಹೊತ್ತಿಗೆ ಮದ್ದು ಹೊಂದಿಸಿಕೊಡಲು ಡಾಕ್ಟರರಿಗೆ ಆಗುತ್ತದೆ, ಶಅಬಾನಿನಲ್ಲೇ ಹೋಗಿ ಕೇಳಬೇಕು. ಕೇಳಲು ನಾಚಿಕೊಳ್ಳುವವರನ್ನು ಡಾಕ್ಟರರೇ ಕೇಳುವಂತಾಗಬೇಕು.

ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ಆಸ್ಪತ್ರೆ ಶುರುವಾಗಿತ್ತು, ಇಂದು ಅದು ಡಿಮ್ಹಾನ್ಸ್. ನಮ್ಮ ಪಕ್ಕದ ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆಯ ಡಾಕ್ಟರರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನೋಡಿದರು. ಅದನ್ನೇ ನೋಡಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಲಿಸುವ ದಾರಿ ಈ ಭಾಗಕ್ಕೆ ಗೊತ್ತಿರುವುದೇ. ಅಂಥ ತರಬೇತಿಯಲ್ಲಿ ಒಂದು ಅರ್ಧ ದಿನ ಮಸೀದಿಯ ಖತೀಬರು, ಮಠದ ಸ್ವಾಮಿಗಳು, ಆಶಾ ಕಾರ್ಯಕರ್ತೆಯರು ಡಾಕ್ಟರರ ಎದುರು ಕೂತು ಮಾತಾಡಲಿ. ನಾವು ಅವರಿಗೆ ನಮ್ಮ ಜನರ ಮಾತು ಹೇಳಿಕೊಡುತ್ತೇವೆ, ಯಾವ ಲಕ್ಷಣ ಕಂಡರೆ ಒಂದು ದಿನವೂ ತಡಮಾಡಬಾರದು ಎಂದು ಅವರು ನಮಗೆ ಹೇಳಿಕೊಡಲಿ. ಜಮಾಅತ್ ಕಮಿಟಿಗಳು ತಾಲೂಕು ಆಸ್ಪತ್ರೆಗೆ ಒಂದು ಅರ್ಜಿ ಬರೆದರೂ ಕೆಲಸ ಶುರುವಾದೀತು.

ಅಷ್ಟರೊಳಗೆ ಮನೆಯಲ್ಲಿ ಕಷ್ಟವಿದ್ದವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು, ಹಣ ಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಆಸ್ಪತ್ರೆಗೆ ಹೋಗುವವರು ಯಾವ ಭಾಷೆ ಬರುತ್ತದೆ, ಹೆಂಗಸರು ಜೊತೆಗೆ ಕೂರಬೇಕೇ, ಉಪವಾಸ ಇದೆಯೇ ಎಂಬುದನ್ನು ಚೀಟಿ ಮಾಡಿಸುವಾಗಲೇ ಹೇಳಿಬಿಡಿ. ಮಾತು ತಿಳಿಸಲು ಮಕ್ಕಳನ್ನು ಕೂರಿಸಬೇಡಿ. ಓದಿ ಊದಿಸಿದ್ದನ್ನೂ ಮುಚ್ಚಿಡಬೇಡಿ, ಬೇರೆ ಯಾರಾದರೂ ಬೇರು, ಪುಡಿ ಕೊಟ್ಟಿದ್ದರೆ ಅದನ್ನಂತೂ ಡಾಕ್ಟರರ ಮೇಜಿನ ಮೇಲೆ ಇಟ್ಟು ತೋರಿಸಿ.